ಬೊಪ್ಪಣ್ಣನ ಕವಚದ ಕಲೆ

ಸುಳ್ಳಾಡಿದವನ ಕವಚಕ್ಕೆ ತುಕ್ಕು ಹಿಡಿಯುವ ಆ ನಾಡಿನಲ್ಲಿ ಕವಚ ಉಜ್ಜುವುದೇ ಕಾಳವ್ವನ ಕಸುಬು. ಇಪ್ಪತ್ತು ತುಂಬಿ ಇಂದು ವೀರಪಟ್ಟ ಕಟ್ಟಿಸಿಕೊಳ್ಳಬೇಕಿದ್ದ ಬೊಪ್ಪಣ್ಣನ ಎದೆಗವಚದ ಮೇಲೊಂದು ಕಾಸಗಲದ ಕಲೆಯಿತ್ತು. ಹುಣಸೆಹಣ್ಣಿಗೂ ಅದು ಜಗ್ಗಲಿಲ್ಲ. ಕಲೆಯಿದ್ದವನ ಹಣೆಗೆ ಅರಸರು ಪಟ್ಟ ಕಟ್ಟುವುದಿಲ್ಲ.

"ಯಾರಿಗೆ ಸುಳ್ಳು ಹೇಳ್ದೆಯೋ ಅವರ ಮುಂದೆ ನಿಜ ಒಪ್ಕೊಂಬಿಡಪ್ಪ, ಹೋಗುತ್ತೆ," ಎಂದಳು.

"ಬ್ಯಾಡವ್ವ. ಪಟ್ಟ ಹೋದ್ರೆ ಹೋಗ್ಲಿ," ಎಂದ ಬೊಪ್ಪಣ್ಣ ಅವಳ ಮುಖ ನೋಡಲಿಲ್ಲ.

ಕಾಳವ್ವನ ಕೈ ನಿಂತಿತು. ಮಗ ಮಾಚ ರಣದಲ್ಲಿ ಎದೆಗೊಟ್ಟು ಸತ್ತನೆಂದು ಹೋದ ತಿಂಗಳು ಬಂದು ಹೇಳಿದ್ದವನು ಇವನೇ.

"ಓಡ್ತಾ ಇದ್ನಾ ನನ್ ಮಗ?"

"ಉಜ್ಜಿದ್ದು ಸಾಕು, ಕೊಡವ್ವ," ಎಂದು ಬೊಪ್ಪಣ್ಣ ಕವಚಕ್ಕೆ ಕೈ ಚಾಚಿದ.

ಕಾಳವ್ವ ಕಲೆಯನ್ನು ಹಾಗೇ ಬಿಟ್ಟು ಸುತ್ತಲಿನ ಲೋಹವನ್ನು ಕನ್ನಡಿಯಂತೆ ಹೊಳೆಯಿಸಿದಳು. ಆಮೇಲೆ ತನ್ನ ಸೆರಗಿನ ಅಂಚು ಹರಿದು ಅವನ ಹಣೆಗೆ ಕಟ್ಟಿದಳು.