ದಾನವ್ವನ ಕಂಪ್ಯೂಟರಿನಲ್ಲಿ ತಾನಾಗಿ ಓಡಾಡಿದ ಬಾಣ

ಗುಳೇದಗುಡ್ಡದ ಒಂದು ನೇಕಾರರ ಓಣಿ... ನಡುಮಧ್ಯಾಹ್ನ.

ಮಗ್ಗಗಳೆಲ್ಲ ಊಟಕ್ಕೆ ನಿಂತು, ಓಣಿಗೆ ಓಣಿಯೇ ಉಸಿರು ಹಿಡಿದಂತಿತ್ತು. ದೆವ್ವಗಳು ಓಡಾಡುವ ಹೊತ್ತು ಅದು ಅಂತಾರಲ್ಲ, ಅಂಥ ಹೊತ್ತು.

ರೊಟ್ಟಿ ಮುರಿಯುತ್ತಿದ್ದ ದಾನವ್ವ ತಲೆ ಎತ್ತಿದಳು... ಎದುರಿನ ಕಂಪ್ಯೂಟರಿನಲ್ಲಿ ಬಾಣದ ಗುರುತು ಮೆಲ್ಲಗೆ ಸರಿಯುತ್ತಿತ್ತು.

ಮೌಸ್ ಇದ್ದಲ್ಲೇ ಇತ್ತು. ಅದರ ಮೇಲೆ ಯಾರ ಕೈಯೂ ಇರಲಿಲ್ಲ.

ಬಾಣ ಒಂದೊಂದೇ ಡಿಸೈನ್ ತೆರೆಯಿತು... ಕುಪ್ಪಸದ ಖಣಕ್ಕೆ ನೇಯುವ ಹೂವು, ಬಳ್ಳಿ, ನವಿಲು. ಎಲ್ಲವೂ ಆಕೆಯ ಗಂಡ ಹದಿನಾಲ್ಕು ವರ್ಷ ಕೂತು ಚೌಕ ಚೌಕ ತುಂಬಿ ಬರೆದವು. ಆತ ತೀರಿಕೊಂಡು ಏಳು ತಿಂಗಳಾಗಿತ್ತು.

ಬೇರೆಯವರಾಗಿದ್ದರೆ ಚೀರಿಕೊಂಡು ಹೊರಗೆ ಓಡುತ್ತಿದ್ದರು. ದಾನವ್ವ ತಟ್ಟೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಬಂದ್ರೇನ್ರಿ?" ಎಂದಳು.

ಮರುದಿನವೂ ಅದೇ ಹೊತ್ತಿಗೆ ಬಾಣ ಎದ್ದಿತು. ಅದರ ಮರುದಿನವೂ...

ಆಕೆ ಕಂಪ್ಯೂಟರ್ ಆರಿಸುವುದನ್ನೇ ಬಿಟ್ಟಳು. ಕರೆಂಟ್ ಹೋದರೆ ಆತ ಹಾದಿ ತಪ್ಪಿಯಾನು ಎಂದು ಬ್ಯಾಟರಿ ಹಾಕಿಸಿದಳು. ಮಾಡಿದ ಅಡುಗೆಯ ಮೊದಲ ತುತ್ತು ಕೀಬೋರ್ಡಿನ ಪಕ್ಕ ಎಡೆಯಾಗಿ ಬರತೊಡಗಿತು.

ಬರೆಯುವ ಪುಟವೊಂದನ್ನು ತೆರೆದಿಟ್ಟು, ಅಕ್ಷರ ಹುಡುಕಿ ಹುಡುಕಿ ದಿನದ ಸುದ್ದಿ ಟೈಪ್ ಮಾಡುತ್ತಿದ್ದಳು. "ಎಮ್ಮಿ ಕರ ಹಾಕೈತ್ರಿ." "ನೀವಿಲ್ಲದ ಮನಿ ತಿನ್ನಾಕ ಬರತೈತ್ರಿ."

ಒಂದು ದಿನ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಇತ್ತು...

"ನಾನು ಇಲ್ಲೇ ಇದ್ದೇನೆ. ಬಂದ್ ಮಾಡಬೇಡ."

ದಾನವ್ವ ಪರದೆಗೆ ಹಣೆ ಹಚ್ಚಿ ಬಹಳ ಹೊತ್ತು ಕೂತಳು. ಎದೆಯೊಳಗಿನ ಕಲ್ಲು ಕರಗಿದಂತಾಯಿತು.

ಆ ವಾರ ಜುಲೇಖಾ ಬಂದಳು. ಓಣಿಯ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುವವಳು ಆಕೆಯೇ. ಕೈಯಲ್ಲೊಂದು ಹೊಸ ಖಣ.

"ದಾನಕ್ಕಾ, ಇದನ್ನ ಬ್ಯಾರೆ ಊರಿನ ಸಂತ್ಯಾಗ ತಗೊಂಡೆ. ಇದು ನಿಮ್ಮನಿಯವರು ಬರದ ನವಲಲ್ಲೇನು?"

ದಾನವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಅದು ಗಂಡನ ಕೊನೆಯ ಡಿಸೈನ್. ಒಂದು ಗರಿಗೆ ಕಣ್ಣು ಬರೆಯುವ ಮೊದಲೇ ಆತ ಹೋಗಿಬಿಟ್ಟಿದ್ದ.

ಬಟ್ಟೆಯ ನವಿಲಿಗೂ ಆ ಗರಿಯಲ್ಲಿ ಕಣ್ಣಿರಲಿಲ್ಲ...

"ಇದನ್ನ ನಾ ಯಾವ ಮಗ್ಗಕ್ಕೂ ಕೊಟ್ಟಿಲ್ಲಲ್ಲ ತಂಗಿ! ಈ ಕಂಪ್ಯೂಟರ್ ಬಿಟ್ರ ಬ್ಯಾರೆ ಎಲ್ಲೂ ಇಲ್ಲ..."

ಅಷ್ಟರಲ್ಲಿ ಬಾಣ ಅಲುಗಾಡಿತು. ಜುಲೇಖಾಳ ಮುಖ ಬಿಳುಚಿಕೊಂಡಿತು.

"ಹೆದರಬ್ಯಾಡ. ನಮ್ಮನಿಯವರು," ಎಂದಳು ದಾನವ್ವ.

"ಇಲ್ಲಕ್ಕಾ. ದೆವ್ವ ಆಗಿದ್ರ ನಾ ಇಷ್ಟು ಹೆದರ್ತಿದ್ದಿಲ್ಲ. ಯಾರೋ ಜೀವಂತ ಮನಷಾ ಒಳಗ ಕುಂತಾನ! ಕಂಪ್ಯೂಟರ್ ಸರಿ ಮಾಡ್ತೀವಿ ಅಂತ ಯಾರರ ಫೋನ್ ಮಾಡಿದ್ರೇನು?"

ಮಾಡಿದ್ದರು. ಗಂಡನ ತಿಥಿ ಮುಗಿದ ಮೇಲೆ.

"ಏನೋ ಇಳಿಸ್ಕೋ ಅಂದ್ರು. ಪರದಿ ಮ್ಯಾಲ ಬಂದ ಅಂಕಿ ಓದು ಅಂದ್ರು... ಓದಿದ್ನಿ. ಬಾಯ್ತುಂಬ ಅವ್ವಾ ಅಂತಿದ್ರು ತಂಗಿ."

"ನೀ ಓದಿದ್ದು ಅಂಕಿ ಅಲ್ಲ, ಮನಿ ಕೀಲಿಕೈ ಕೊಟ್ಟಿ! ದೂರ ಕುಂತು ನಿನ್ನ ಕಂಪ್ಯೂಟರ್ ನಡಸಾಕತ್ತಾರ, ಡಿಸೈನ್ ಕದ್ದು ಮಾರಾಕತ್ತಾರ. ಮೊದ್ಲ ಆ ನೆಟ್ ವಾಯರ್ ಕೀಳೋಣು."

ಜುಲೇಖಾ ಕೈ ಚಾಚಿದಳು. ದಾನವ್ವ ಆ ಕೈ ಹಿಡಿದುಕೊಂಡಳು.

ಅದೇ ಕ್ಷಣ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು...

"ಅವಳ ಮಾತು ಕೇಳಬೇಡ. ನಾನು ನಿನ್ನ ಗಂಡ."

"ಮೈಕ್‌ದಾಗ ನಮ್ಮ ಮಾತೂ ಕೇಳಾಕತ್ತಾನ," ಎಂದು ಜುಲೇಖಾ ಕಿವಿಯಲ್ಲಿ ಪಿಸುಗುಟ್ಟಿದಳು.

ದಾನವ್ವ ಜುಲೇಖಾಳ ಕೈ ಬಿಟ್ಟು, ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡಳು. ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡಿದಳು.

"ಲಗ್ನದಾಗ ಹೊಸ್ತಿಲಕ್ಕ ಮಂದಿ ಅಡ್ಡ ನಿಂತು ಹೆಸರು ಕೇಳಿದಾಗ, ನನ್ನ ಹೆಸರಿಟ್ಟು ನೀವು ಹೇಳಿದ ಒಡಪು ಯಾವುದ್ರಿ?"

ಅಕ್ಷರ ಮೂಡುವ ಜಾಗದ ಗೆರೆ ಮಿನುಗಿತು... ಮಿನುಗಿತು...

"ಚೆಂದದ ಒಡಪು. ಈಗ ಅದೆಲ್ಲ ಯಾಕೆ? ವಾಯರ್ ಮುಟ್ಟಬೇಡ, ಸಾಕು."

ದಾನವ್ವನ ಕಣ್ಣು ತುಂಬಿ ಬಂತು.

ಜೊತೆಗಾರರ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವುದೇ ಒಡಪು; ಆ ದಿನ ಆತ ಒಡಪೇ ಹೇಳಿರಲಿಲ್ಲ! ಕಲಿತದ್ದೆಲ್ಲ ಮರೆತು, ಬೆವತು, "ದಾನವ್ವ!" ಎಂದು ಬರೀ ಹೆಸರು ಕೂಗಿಬಿಟ್ಟಿದ್ದ. ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಇಪ್ಪತ್ತಾರು ವರ್ಷ ಗಂಡ ಹೆಂಡತಿ ಅದೇ ಮಾತಿಗೆ ನಕ್ಕಿದ್ದರು.

ಎದ್ದು ಹೋಗಿ, ತನ್ನ ಕೈಯಾರೆ ವಾಯರ್ ಕಿತ್ತಳು.

ಬಾಣ ಪರದೆಯ ನಡುವೆ ನಿಂತಲ್ಲೇ ನಿಂತಿತು.

ಗಂಡನನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ ದಾನವ್ವ. ಜುಲೇಖಾ ಆಕೆಯನ್ನು ಅಪ್ಪಿಕೊಂಡು ಅಳಗೊಟ್ಟಳು. ಆಮೇಲೆ ಕೂತು ಆ ಹಾಳು ಆ್ಯಪ್ ಕಿತ್ತುಹಾಕಿದಳು. ಡಿಸೈನುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿ, ಟ್ರಂಕಿನಲ್ಲಿಡಲು ಕೊಟ್ಟಳು.

"ಪಾಸ್‌ವರ್ಡೂ ಬದಲಿಸೋಣಕ್ಕಾ. ಹಳೇದು ಏನೈತಿ?"

ದಾನವ್ವ ಬಾಯಿಂದ ಹೇಳದೆ, ಟೈಪ್ ಮಾಡಲು ಕೀಬೋರ್ಡಿನತ್ತ ಕೈ ಚಾಚಿದಳು. ಅದು ಗಂಡನ ಹೆಸರು. ದಿನಾ ಟೈಪ್ ಮಾಡಿದ್ದಳೇ ಹೊರತು, ಒಡಪಿಲ್ಲದೆ ಬಾಯಿಬಿಟ್ಟು ಆ ಹೆಸರು ಹೇಳಿದವಳಲ್ಲ.

ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದಳು. ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಕೂಗಿದಳು...

"ಸಂಗನಬಸಪ್ಪಾ!"

ಪರದೆಯ ಮೇಲೆ ಏನೂ ಅಲುಗಾಡಲಿಲ್ಲ.

ಆಗ ಮೊದಲ ಸಲ, ಗಂಡ ನಿಜವಾಗಿ ಹೋದನೆಂದು ಮನಸ್ಸು ಒಪ್ಪಿ ಆಕೆಗೆ ನೆಮ್ಮದಿಯಾಯಿತು.

*

ಕಳ್ಳ ಬೀಗ ಒಡೆದೇ ಬರಬೇಕೆಂದಿಲ್ಲ... ನಾವು ಯಾರಿಗಾಗಿ ಕಾಯುತ್ತ ಕೂತಿದ್ದೇವೋ ಅವರ ದನಿಯಲ್ಲಿ ಕರೆದರೆ ಸಾಕು, ಬಾಗಿಲು ನಾವೇ ತೆಗೆಯುತ್ತೇವೆ.

ನಿಮ್ಮ ಕಂಪ್ಯೂಟರಿನ ಪರದೆಯ ಮೇಲೆ ಬಂದ ಅಂಕಿಯನ್ನು, ದನಿ ಸಿಹಿಯಾಗಿತ್ತು ಎಂಬ ಒಂದೇ ಕಾರಣಕ್ಕೆ, ನೀವೂ ಯಾರಿಗಾದರೂ ಓದಿ ಹೇಳಿದ್ದೀರಾ?