ಶುಕ್ರವಾರದ ಮೋಡ

ಭಾಮೈದನ ಎದೆಗೆ ಎರಡೂ ಕೈ ಕೊಟ್ಟು ತಳ್ಳಿದ ಮೇಲೆ ಮೇಸ್ತ್ರಿ ಕೆಳಗೆ ನೋಡಲಿಲ್ಲ. ಎದುರಿಗೆ ನೋಡಿದ. ಮೂರು ಬೀದಿ ಆಚೆ, ಒಂದು ತಾರಸಿಯ ಮೇಲೆ, ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ಒಬ್ಬ ಬಗ್ಗಿ ನಿಂತಿದ್ದ. ಗಾಜು ಬಿಸಿಲಿಗೆ ಮಿನುಗಿತು. ಕ್ಯಾಮೆರಾ. ಅದರ ಮುಖ ನೇರ ಇತ್ತ ಕಡೆಗೇ.

ಕೆಳಗಿನಿಂದ ಸದ್ದು ಬಂದದ್ದು ಆಮೇಲೆ. ಸಿಮೆಂಟಿನ ಮೂಟೆ ಬಿದ್ದ ಹಾಗೆ.

ಕಟ್ಟುತ್ತಿದ್ದ ಕಟ್ಟಡದ ಹನ್ನೊಂದನೇ ಮಹಡಿ, ಶುಕ್ರವಾರ ಸಂಜೆ ಐದೂ ಹತ್ತು. ಕೆಲಸದವರೆಲ್ಲ ಚಹಾಕ್ಕೆ ಇಳಿದಿದ್ದರು. ಭಾಮೈದ ವೆಲ್ಡಿಂಗ್ ಮಾಡುವವ, ಮಾತು ಕಡಿಮೆ. ಅವತ್ತು ಮಾತ್ರ ಬಾಯಿ ಬಿಟ್ಟಿದ್ದ. “ಭಾವ, ಅಕ್ಕನ ಕೈ ಮುರಿದದ್ದು ಮೆಟ್ಟಿಲು ಜಾರಿ ಅಲ್ಲ ಅಂತ ನಂಗೊತ್ತು. ನಾಳೆ ಅವಳನ್ನ ಕರ್ಕೊಂಡು ಸ್ಟೇಷನ್ನಿಗೆ ಹೋಗ್ತೀನಿ.” ಅವನ ನಾಳೆ ಅಲ್ಲಿಗೆ ಮುಗಿಯಿತು.

ಪೊಲೀಸರು ಬಂದರು. ಸೊಂಟಕ್ಕೆ ಬೆಲ್ಟು ಹಾಕಿರಲಿಲ್ಲ, ಕಾಲು ಜಾರಿದೆ ಎಂದು ಬರೆದುಕೊಂಡು ಹೋದರು. ಮನೆಯಲ್ಲಿ ಹೆಂಡತಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದಳು. “ಯಾರೂ ನೋಡಲಿಲ್ವಾ?”

ಮೇಸ್ತ್ರಿ ಅವಳ ಬಾಯಿಯ ಮೇಲೆ ಹೊಡೆದ. ಅವಳು ಸುಮ್ಮನಾದಳು, ಪ್ರಶ್ನೆ ಸುಮ್ಮನಾಗಲಿಲ್ಲ. ನಾಲ್ಕು ದಿನ ಅವನಿಗೆ ತುತ್ತು ಇಳಿಯಲಿಲ್ಲ.

ಐದನೇ ದಿನ ಮಧ್ಯಾಹ್ನ ಆ ತಾರಸಿಯನ್ನು ಹುಡುಕಿಕೊಂಡು ಹೊರಟ. ಕೆಳಗೆ ದರ್ಜಿ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಅದರ ಮೇಲೆ ಕಬ್ಬಿಣದ ಹಳೇ ಇಸ್ತ್ರಿ ಪೆಟ್ಟಿಗೆ. ಗೋಡೆಯ ತುಂಬ ಮೋಡಗಳ ಫೋಟೋ, ಗುಂಡುಸೂಜಿ ಚುಚ್ಚಿ ಸಿಕ್ಕಿಸಿದ್ದು. ಕೊರಳಿಗೆ ಟೇಪು ಹಾಕಿಕೊಂಡ ಮುದುಕ ತಲೆಯೆತ್ತಿದ.

“ಪ್ಯಾಂಟಾ, ಶರ್ಟಾ?”

“ಪ್ಯಾಂಟು. ಇವೆಲ್ಲ ನೀವು ತೆಗೆದದ್ದಾ?”

ಕೇಳಿದ್ದೇ ತಡ, ದರ್ಜಿ ಟೇಪು ಮರೆತ. “ಕಲೀತಾ ಇದೀನಿ ಸ್ವಾಮಿ, ಮೂರು ತಿಂಗಳಾಯ್ತು. ಅರವತ್ತಕ್ಕೆ ಹುಚ್ಚು ಹತ್ತಿದೆ ಅಂತಾಳೆ ನಮ್ಮನೆಯವಳು. ಆಕಾಶ ಎರಡು ಪಾಲು, ನೆಲ ಒಂದು ಪಾಲು ಬರಲಿ ಅಂತಾರೆ ನಮ್ಮ ಟೀಚರಮ್ಮ. ಅಳತೆ ನಮಗೇನು ಹೊಸದಾ? ಆದ್ರೆ ಈ ಮೋಡದಂಥ ಗಿರಾಕಿ ನಾನು ಕಂಡಿಲ್ಲ. ಅಳತೆ ಕೊಡೋಕೆ ಒಂದು ಗಳಿಗೆ ನೆಟ್ಟಗೆ ನಿಲ್ಲಲ್ಲ!”

“ಶುಕ್ರವಾರ ತೆಗೆದಿದ್ರಾ?”

ದರ್ಜಿಯ ಮುಖ ಅರಳಿತು. “ನನ್ನ ಕೈಲಾದ ಒಳ್ಳೇದು ಅಂದ್ರೆ ಅದೇ. ಸಂಜೆ ಬೆಳಕು, ಒಂದೇ ಮೋಡ, ಬೆಟ್ಟದಷ್ಟು. ಭಾನುವಾರ ಲೈಬ್ರರಿ ಹಾಲಿನಲ್ಲಿ ಪ್ರದರ್ಶನಕ್ಕೆ ಇಡ್ತಾರೆ, ಬಾಗಿಲಷ್ಟು ದೊಡ್ಡದು ಮಾಡಿಸಿ. ಬಲಗಡೆ ಆ ಹೊಸ ಕಟ್ಟಡದ ಅಂಚೂ ಬಂದಿದೆ. ಯಾರೋ ಬಿದ್ದು ಹೋದ್ರಲ್ಲ ಪಾಪ, ಅದೇ.”

ಮೇಸ್ತ್ರಿ ಮೇಜಿನ ಹತ್ತಿರಕ್ಕೆ ಸರಿದ. “ಬರೀ ಕಟ್ಟಡಾನಾ?”

“ಅದೇ ಹೇಳ್ತೀನಿ ಕೇಳಿ.” ದರ್ಜಿ ದನಿ ತಗ್ಗಿಸಿದ. “ಟೀಚರಮ್ಮನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಕಾಣಿಸ್ತು. ಕಟ್ಟಡದ ಪಕ್ಕದಲ್ಲಿ, ಇಷ್ಟೇ ಇಷ್ಟು, ಕರ್ರಗೆ.”

“ಕಾಗೆ ಇರಬೇಕು.”

“ನಾನೂ ಹಾಗೇ ಅಂದೆ. ಕಾಗೆ ಆದ್ರೆ ರೆಕ್ಕೆ ಎಲ್ಲಿ ಅಂತ ನಕ್ಕುಬಿಟ್ರು. ಒಂದ್ಸಲ ಕಣ್ಣಿಗೆ ಬಿತ್ತು ನೋಡಿ, ಆಮೇಲೆ ಬೇರೇನೂ ಕಾಣಲ್ಲ. ಬಿಳಿ ಬಟ್ಟೆ ಮೇಲೆ ಕಲೆ ಕಂಡ್ರೆ ನಂಗೆ ನಿದ್ದೆ ಬರಲ್ಲ ಸ್ವಾಮಿ.”

“ಇನ್ನು ಯಾರಿಗೆ ಗೊತ್ತು?”

“ನಂಗೆ, ಟೀಚರಮ್ಮನಿಗೆ. ಇಂಥದ್ದನ್ನ ನೋಡಿಯೂ ನೋಡದ ಹಾಗೆ ಬಿಡಬಾರದು ಅಂದ್ರು. ಪಕ್ಕದಲ್ಲೇ ಕೂತು ಹೇಳ್ಕೊಟ್ರು. ನಾನೇ ಕೈಯಾರೆ ಅದನ್ನ—”

ಇಸ್ತ್ರಿ ಪೆಟ್ಟಿಗೆ ಅವನ ಕಿವಿಯ ಮೇಲೆ ಬಿತ್ತು. ಮುದುಕ ಯಂತ್ರದ ಮೇಲೆ ಕುಸಿದ. ಚಕ್ರ ತಾನಾಗಿ ಒಂದು ಸುತ್ತು ತಿರುಗಿತು. ಸುಲಭಕ್ಕೆ ಸಾಯಲಿಲ್ಲ. ಕೈಗೆ ಸಿಕ್ಕ ಕತ್ತರಿ ಬೀಸಿ ಮೇಸ್ತ್ರಿಯ ಮುಂಗೈ ಸೀಳಿದ. ಮೇಸ್ತ್ರಿ ಇನ್ನೂ ಮೂರು ಸಲ ಹೊಡೆದ. ಮೂರನೆಯದಕ್ಕೆ ಮೂಳೆ ಒಳಕ್ಕೆ ಹೋಯಿತು. ನೆಲದ ಚೂರುಬಟ್ಟೆಗಳ ಮೇಲೆ ಇಬ್ಬರ ರಕ್ತವೂ ಬೆರೆಯಿತು. ಕಪಾಟಿನಲ್ಲಿದ್ದ ಕ್ಯಾಮೆರಾವನ್ನು ಹಿಮ್ಮಡಿಯಲ್ಲಿ ಪುಡಿ ಮಾಡಿ, ಕತ್ತರಿಯನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಶಟರ್ ಎಳೆದು ಹೊರಟ. ಇನ್ನೊಬ್ಬಳು ಉಳಿದಿದ್ದಳು.

ಈ ಸಲ ಪೊಲೀಸರು ಬರೆದುಕೊಂಡು ಹೋಗಲಿಲ್ಲ. ರಕ್ತ ಹತ್ತಿದ ಚೂರುಗಳನ್ನೆಲ್ಲ ಆರಿಸಿಕೊಂಡು ಹೋದರು. ಆಸ್ಪತ್ರೆಗಳಲ್ಲಿ ಕೈ ಹೊಲಿಸಿಕೊಂಡವರು ಯಾರೆಂದು ವಿಚಾರಿಸಿದರು. ಮೇಸ್ತ್ರಿ ಹೊಲಿಸಿಕೊಳ್ಳಲಿಲ್ಲ. ಗಾಯ ಕೀವಾಯಿತು. ಆದರೂ ಅವನ ಮನೆಗೆ ಯಾರೂ ಬರಲಿಲ್ಲ. ಅಂದರೆ ಆ ಹೆಂಗಸು ಇನ್ನೂ ಬಾಯಿ ಬಿಟ್ಟಿಲ್ಲ. ಭಾನುವಾರ ಎಲ್ಲರೆದುರು ಬಿಡುತ್ತಾಳೆ.

ಭಾನುವಾರ ತುಂಬುತೋಳಿನ ಅಂಗಿ ಹಾಕಿಕೊಂಡು ಲೈಬ್ರರಿ ಹಾಲಿಗೆ ಎಲ್ಲರಿಗಿಂತ ಮೊದಲು ಹೋದ. ಜನ ಸೇರುವ ಮುಂಚೆ ಕೆಲಸ ಮುಗಿಯಬೇಕು. ಕನ್ನಡಕದ ಹೆಂಗಸೊಬ್ಬಳು ಒಬ್ಬಳೇ, ಬೆನ್ನು ಹಾಕಿ, ಕುರ್ಚಿ ಜೋಡಿಸುತ್ತಿದ್ದಳು. ಅವನ ಕೈ ಕತ್ತರಿಯ ಮೇಲೆ ಹೋಯಿತು.

ಆಗ ಗೋಡೆ ಕಂಡಿತು.

ಬಾಗಿಲಷ್ಟು ದೊಡ್ಡ ಚಿತ್ರ. ಬೆಟ್ಟದಂಥ ಮೋಡ. ಬಲಗಡೆ ಕಟ್ಟಡದ ಅಂಚು, ಹನ್ನೊಂದನೇ ಮಹಡಿಯ ಕಂಬಿಗಳು. ಮಹಡಿ ಪೂರ್ತಿ ನೆರಳು, ಅಲ್ಲಿ ಯಾರೂ ಕಾಣುತ್ತಿರಲಿಲ್ಲ. ಮೇಸ್ತ್ರಿ ಅಲ್ಲಿಂದ ನೆಲದವರೆಗೆ ಬೆರಳಾಡಿಸಿದ. ಮತ್ತೆ ಮೇಲಿನಿಂದ ಕೆಳಗೆ. ಏನೂ ಇಲ್ಲ. ಒಗೆದು ಒಣಹಾಕಿದಂಥ ಆಕಾಶ.

“ಎಲ್ಲಿತ್ತು ಅಂತ ನನಗೇ ಈಗ ಗೊತ್ತಾಗಲ್ಲ,” ಎಂದಳು ಟೀಚರಮ್ಮ, ಹಿಂದಿನಿಂದ ಬಂದು. ಅವಳ ಕಣ್ಣು ಒದ್ದೆಯಾಗಿತ್ತು. “ಅಷ್ಟು ಚೆನ್ನಾಗಿ ಆ ಕಲೆ ಒರೆಸಿದ್ರು, ಪಾಪ. ಮೊದಲಿನ ಫೋಟೋನೂ ಒಂದು ಇಟ್ಕೊಳ್ಳಿ ಅಂದೆ. ಕಲೆ ಬಿದ್ದ ಬಟ್ಟೆ ಯಾಕಮ್ಮಾ ಅಂತ ಅದನ್ನೂ ಅಳಿಸಿ ಹಾಕಿದ್ರು.”

“ಏನಿತ್ತು ಅಲ್ಲಿ?” ಮೇಸ್ತ್ರಿಯ ತೋಳಿನಿಂದ ಕೀವು ಬೆರೆತ ರಕ್ತ ನೆಲಕ್ಕೆ ತೊಟ್ಟಿಕ್ಕಿತು. ಅವಳು ಅದನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು.

“ಏನಿರುತ್ತೆ? ಕ್ಯಾಮೆರಾ ಒಳಗೆ ಹೊಕ್ಕ ಧೂಳು. ಹೊಸಬರು ತೆಗೆದ ಮೋಡದಲ್ಲೆಲ್ಲ ಒಂದು ಕಪ್ಪು ಚುಕ್ಕೆ ಇದ್ದೇ ಇರುತ್ತೆ.”