ಚಿಲಕ ಯಾವ ಕಡೆ?

ಐವತ್ತು ದಾಟಿದ ಮೇಲೆ ಮದುವೆಗೆ ಒಪ್ಪಿದ ಅನಸೂಯಾ ಒಂದು ಷರತ್ತು ಹಾಕಿದಳು.

"ಲಗ್ನ ಆಗೂಣು. ಆದ್ರ ನನ್ನ ಮನಿ ನನಗ, ನಿಮ್ಮ ಮನಿ ನಿಮಗ. ನನಗ ಒಬ್ಬಾಕೀನ ಇರೂದು ರೂಢಿ ಆಗೈತಿ."

ಅವಳನ್ನು ಮದುವೆಯಾಗಲಿದ್ದ ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರ ಮೃತ್ಯುಂಜಯ ತಲೆ ಕೆರೆದುಕೊಂಡ. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

"ಆ ಗ್ವಾಡಿಗೆ ಒಂದು ಬಾಗಿಲಾದ್ರೂ ಇಡಸೂಣೇನು?" ಎಂದು ಮೆಲ್ಲಗೆ ಕೇಳಿದ.

"ಇಡಸ್ರಿ. ಆದ್ರ ಅದಕ್ಕ ಚಿಲಕ ಬೇಕ ಬೇಕು."

ಮೃತ್ಯುಂಜಯ ಹೂಂ ಅಂದನೇನೋ ನಿಜ, ಮನಸ್ಸು ಮಾತ್ರ ಸಪ್ಪಗಾಯಿತು. ಕಟ್ಟಿಕೊಂಡ ಹೆಂಡತಿಯ ಮುಚ್ಚಿದ ಬಾಗಿಲ ಮುಂದೆ ಚಹಾದ ಕಪ್ಪು ಹಿಡಿದು, ಶಾಲೆಗೆ ತಡವಾಗಿ ಬಂದ ಹುಡುಗನಂತೆ ತಾನು ನಿಂತಿರುವುದು ಕಣ್ಣಿಗೆ ಕಟ್ಟಿತು.

ಲಗ್ನದ ಹಿಂದಿನ ದಿನ ಬಡಿಗ ಬಂದು ಬಾಗಿಲು ಕೂಡಿಸಿದ. ಆಮೇಲೆ ಹೊಸ ಚಿಲಕವನ್ನು ಕೈಯಲ್ಲಿ ಹಿಡಿದು, "ಇದನ್ನ ಯಾವ ಕಡೆ ಹಾಕ್ಲಿರಿ ಸರ?" ಎಂದ.

"ಇವರ ಕಡೆ ಹಾಕಪಾ," ಎಂದು ಮೃತ್ಯುಂಜಯ ಪಕ್ಕದಲ್ಲಿದ್ದ ಅನಸೂಯಾಳತ್ತ ಕೈ ತೋರಿಸಿ ಸಣ್ಣ ದನಿಯಲ್ಲಿ ಹೇಳಿದ.

"ಏ, ಬ್ಯಾಡ!" ಎಂದು ಅನಸೂಯಾ ಬಡಿಗನನ್ನು ತಡೆದಳು. "ಅವರ ಕಡೀಗೆ ಹಾಕು. ನನ್ನ ಕೈಯಾಗ ಚಿಲಕ ಇದ್ರ, ಬೇಕಾದಾಗ ತಗದು ಮುಂಜಾನಿಂದ ಸಂಜೀತನಕ ನಾ ಅವರ ಮನ್ಯಾಗ ಇರ್ತೀನಿ."